ಹೆಸರು ಇಲ್ಲಿಯದು, ಬೆಲೆ ಎಲ್ಲಿಯದು?

2025ರ ಜೂನ್ ತಿಂಗಳಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಸಂಸ್ಥೆಯು ಏರ್ಪಡಿಸಿದ್ದ ಪುರುಷರ ಉಡುಪುಗಳ ಪ್ರದರ್ಶನದಲ್ಲಿ ರೂಪದರ್ಶಿಗಳು ಮೆಟ್ಟಿ ನಡೆದ ಪಾದರಕ್ಷೆಗಳು ಕೊಲ್ಹಾಪುರಿ ಚಪ್ಪಲಿಗಳನ್ನೇ ಹೋಲುತ್ತಿದ್ದವು. ಸಂಸ್ಥೆಯು ಅವುಗಳನ್ನು ಕೇವಲ ಚರ್ಮದ ಪಾದರಕ್ಷೆಗಳೆಂದು ವರ್ಣಿಸಿತ್ತು. ಭಾರತದ ಹೆಸರಾಗಲಿ, ತಲೆತಲಾಂತರದಿಂದ ಅವುಗಳನ್ನು ಹೊಲಿಯುತ್ತ ಬಂದ ಕುಶಲಕರ್ಮಿಗಳ ಉಲ್ಲೇಖವಾಗಲಿ ಅಲ್ಲಿರಲಿಲ್ಲ. ದೇಶದಲ್ಲಿ ಆಕ್ಷೇಪ ಕೇಳಿಬಂದಿತು. ಮಹಾರಾಷ್ಟ್ರದ ವಾಣಿಜ್ಯ, ಕೈಗಾರಿಕೆ ಮತ್ತು ಕೃಷಿ ಮಂಡಳಿಯು ಪ್ರಾಡಾ ಸಂಸ್ಥೆಗೆ ನೇರವಾಗಿ ಪತ್ರ ಬರೆಯಿತು. ಆ ವಿನ್ಯಾಸಕ್ಕೆ ಭಾರತದ ಸಾಂಪ್ರದಾಯಿಕ ಪಾದರಕ್ಷೆಯೇ ಪ್ರೇರಣೆ ಎಂದು ಸಂಸ್ಥೆಯು ಉತ್ತರದಲ್ಲಿ ಒಪ್ಪಿಕೊಂಡಿತು.

ಈ ಪ್ರಸಂಗದಲ್ಲಿ ವಿಜಯಪುರ ಜಿಲ್ಲೆಯ ವರ್ತಕ ಬಾಂಧವರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಜಗದ್ವಿಖ್ಯಾತ ಸಂಸ್ಥೆಯೊಂದನ್ನು ಪ್ರಶ್ನಿಸಿ ಉತ್ತರ ಪಡೆದದ್ದು ವರ್ತಕರ ಒಂದು ಸಂಘಟನೆ. ಎರಡನೆಯದು, 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕದ ನೋಂದಣಿಯು ಮಹಾರಾಷ್ಟ್ರಕ್ಕೆ ಮಾತ್ರ ಸೀಮಿತವಾಗಿಲ್ಲ. ಕೊಲ್ಹಾಪುರ, ಸಾಂಗಲಿ, ಸಾತಾರಾ ಮತ್ತು ಸೊಲ್ಲಾಪುರ ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಹೆಸರು ಕೊಲ್ಹಾಪುರದ್ದಾದರೂ ಹಕ್ಕು ಎಂಟು ಜಿಲ್ಲೆಗಳದ್ದು. ಅಥಣಿ, ನಿಪ್ಪಾಣಿ ಮೊದಲಾದ ಕಡೆಗಳಲ್ಲಿ ಇಂದಿಗೂ ಈ ಚಪ್ಪಲಿಗಳು ಕೈಯಿಂದಲೇ ತಯಾರಾಗುತ್ತವೆ. ಹೀಗಿದ್ದರೂ ಆ ದಿನಗಳ ಚರ್ಚೆಯಲ್ಲಿ ಕರ್ನಾಟಕದ ಹೆಸರು ಕೇಳಿಬಂದದ್ದು ಅತ್ಯಲ್ಪ.

2025ರ ಡಿಸೆಂಬರ್‌ನಲ್ಲಿ ಈ ಕಥೆಗೆ ಮತ್ತೊಂದು ತಿರುವು ದೊರೆಯಿತು. ಮಹಾರಾಷ್ಟ್ರದ ಸಂತ ರೋಹಿದಾಸ ಚರ್ಮೋದ್ಯೋಗ ನಿಗಮ ಹಾಗೂ ಕರ್ನಾಟಕದ ಡಾ. ಬಾಬು ಜಗಜೀವನ್ ರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಅರ್ಥಾತ್ ಲಿಡ್ಕರ್, ಇವೆರಡರೊಡನೆ ಪ್ರಾಡಾ ಒಪ್ಪಂದ ಮಾಡಿಕೊಂಡಿತು. ಎರಡೂ ರಾಜ್ಯಗಳಲ್ಲಿ 2,000 ಜೊತೆ ಪಾದರಕ್ಷೆಗಳನ್ನು ತಯಾರಿಸಿ, ಒಂದು ಜೊತೆಗೆ ಸುಮಾರು 800 ಯೂರೋ ಬೆಲೆಯಲ್ಲಿ, 2026ರ ಫೆಬ್ರುವರಿಯಿಂದ ಜಗತ್ತಿನ 40 ಮಳಿಗೆಗಳಲ್ಲಿ ಮಾರಾಟಕ್ಕಿಡುವ ಯೋಜನೆ ಪ್ರಕಟವಾಯಿತು. ಕುಶಲಕರ್ಮಿಗಳಿಗೆ ತರಬೇತಿ ನೀಡುವ ಮಾತೂ ಅದರಲ್ಲಿತ್ತು. 800 ಯೂರೋ ಎಂದರೆ 80 ಸಾವಿರ ರೂಪಾಯಿಗೂ ಮಿಕ್ಕಿದ ಮೊತ್ತ. ಅದೇ ಬಗೆಯ ಚಪ್ಪಲಿಯು ಈ ಭಾಗದ ಸಂತೆ, ಜಾತ್ರೆಗಳಲ್ಲಿ ಕೆಲವು ನೂರು ರೂಪಾಯಿಗಳಿಗೆ ಚೌಕಾಸಿಯಾಗಿ ಹೋಗುತ್ತದೆ.

ಚರ್ಮ ಹದಮಾಡುವ ಜಾಲಿಯ ತೊಗಟೆ, ಅಳಲೆಕಾಯಿ ಎರಡು ಕಡೆಯೂ ಅವೇ. ಮೊಳೆ ಬಳಸದೆ ಚರ್ಮದ ದಾರದಿಂದಲೇ ಹೊಲಿಯುವ ಕೈಗಳೂ ಅವೇ. ವಿದೇಶೀ ಮಳಿಗೆಯ ಬಾಡಿಗೆ, ಸಾಗಣೆ, ತೆರಿಗೆ, ವಿನ್ಯಾಸದ ಖರ್ಚುಗಳನ್ನು ಎಷ್ಟು ಉದಾರವಾಗಿ ಲೆಕ್ಕ ಹಾಕಿದರೂ ಈ ಅಂತರಕ್ಕೆ ಪೂರ್ಣ ಸಮಾಧಾನ ದೊರೆಯುವುದಿಲ್ಲ. ಉಳಿದದ್ದು ಹೆಸರಿನ ಬೆಲೆ. ಆ ಹೆಸರನ್ನು ಕಟ್ಟುವ ಕೆಲಸವನ್ನೇ ಇಂದಿನ ವಾಣಿಜ್ಯ ಜಗತ್ತು ಬ್ರ್ಯಾಂಡ್ ಪ್ರಚಾರ ಎಂದು ಕರೆಯುತ್ತದೆ. ಸೌಂದರ್ಯ ಸಾಧನ, ಉಡುಪು, ಪಾದರಕ್ಷೆ, ಆಭರಣಗಳಂತಹ ವಸ್ತುಗಳಲ್ಲಿ ಗಿರಾಕಿಯು ವಸ್ತುವಿನೊಡನೆ ಅದರ ಕಥೆಯನ್ನೂ ಕೊಳ್ಳುತ್ತಾನೆ. ಕಥೆ ಈ ಭಾಗದಲ್ಲಿಯೇ ಇದ್ದೂ ಅದರ ಬೆಲೆ ಬೇರೆಯವರ ಪಾಲಾಗುತ್ತಿದೆ ಎಂಬುದೇ ಇಲ್ಲಿ ಚಿಂತಿಸಬೇಕಾದ ವಿಷಯ.

ಪ್ರಚಾರವೆಂದರೆ ತಾರೆಯ ಮುಖವೇ?

ಪ್ರಚಾರವೆಂದೊಡನೆ ಸಣ್ಣ ಉದ್ಯಮಿಗಳ ಮನಸ್ಸಿನಲ್ಲಿ ಮೂಡುವುದು ಚಿತ್ರತಾರೆಯ ಮುಖ, ದೂರದರ್ಶನದ ಜಾಹೀರಾತು ಹಾಗೂ ಕೋಟಿಗಟ್ಟಲೆ ವೆಚ್ಚ. ಅದು ದೊಡ್ಡವರ ಕೆಲಸವೆಂದು ಅವರು ಕೈಬಿಡುತ್ತಾರೆ. ಈ ಗ್ರಹಿಕೆ ಎಷ್ಟು ಅಪೂರ್ಣವೆಂಬುದಕ್ಕೆ ಕನ್ನಡ ನಾಡಿನದೇ ಆದ ಮೈಸೂರು ಸ್ಯಾಂಡಲ್ ಸಾಬೂನಿನ ಇತಿಹಾಸ ಸಾಕ್ಷಿಯಾಗಿದೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನದ ಶ್ರೀಗಂಧಕ್ಕೆ ಯುರೋಪಿನ ಮಾರುಕಟ್ಟೆ ಮುಚ್ಚಿಹೋಯಿತು. ಮರವನ್ನು ರಫ್ತು ಮಾಡಲಾಗದಿದ್ದರೆ ಎಣ್ಣೆಯನ್ನು ಇಲ್ಲಿಯೇ ತೆಗೆಯಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು ಹಾಗೂ ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರು ನಿಶ್ಚಯಿಸಿದರು. 1916ರಲ್ಲಿ ಆರಂಭವಾದ ಆ ಪ್ರಯತ್ನ ಮುಂದೆ ಸಾಬೂನಿಗೆ ದಾರಿಯಾಯಿತು. ರಸಾಯನ ತಜ್ಞ ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ತೆರಳಿ ತಂತ್ರಜ್ಞಾನವನ್ನು ಅಭ್ಯಸಿಸಿ ಬಂದರು. ಸಾಬೂನಿಗೆ ಅಂಡಾಕಾರವನ್ನು ನೀಡಿ, ಆಭರಣದ ಪೆಟ್ಟಿಗೆಯನ್ನು ನೆನಪಿಸುವ ಆಯತಾಕಾರದ ಪೊಟ್ಟಣದಲ್ಲಿ ಇಡಲಾಯಿತು. ಸಿಂಹದ ದೇಹಕ್ಕೆ ಆನೆಯ ಶಿರಸ್ಸುಳ್ಳ ಪೌರಾಣಿಕ ಶರಭವು ಅದರ ಲಾಂಛನವಾಯಿತು.

ಆ ಕಾಲದ ಪ್ರಚಾರದ ಬಗೆಯೂ ಸ್ವಾರಸ್ಯಕರವಾಗಿದೆ. ಟ್ರಾಮ್ ಟಿಕೆಟುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಸಾಬೂನಿನ ಚಿತ್ರ ಅಚ್ಚಾಯಿತು. ಕರಾಚಿ ನಗರದಲ್ಲಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಲಾಯಿತು. ಜನರು ನಿತ್ಯ ಎಲ್ಲಿ ಸೇರುತ್ತಾರೆ, ಯಾವ ವಸ್ತುವನ್ನು ಕೈಯಲ್ಲಿ ಹಿಡಿಯುತ್ತಾರೆ ಎಂಬುದನ್ನು ಅರಿತು ಹೆಸರನ್ನು ಅಲ್ಲಿಗೇ ಒಯ್ಯುವ ಉಪಾಯವಿದು. ಚಿತ್ರತಾರೆ ಬಂದದ್ದು ಬಹಳ ತಡವಾಗಿ. ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿ ಈ ಸಾಬೂನಿನ ಮೊದಲ ಪ್ರಚಾರ ರಾಯಭಾರಿಯಾದದ್ದು 2006ರಲ್ಲಿ. ಅಷ್ಟರೊಳಗೆ ಸಾಬೂನಿಗೆ 80ಕ್ಕೂ ಹೆಚ್ಚು ವರ್ಷಗಳ ಹೆಸರು ಇದ್ದಿತು.

2025ರ ಮೇ ತಿಂಗಳಿನಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷ ಎರಡು ದಿನಗಳ ಅವಧಿಗೆ 6.20 ಕೋಟಿ ರೂಪಾಯಿ ಸಂಭಾವನೆಯ ಮೇಲೆ ಪ್ರಚಾರ ರಾಯಭಾರಿಯಾಗಿ ನೇಮಿಸಿದಾಗ ಕನ್ನಡದ ಕಲಾವಿದೆಯರನ್ನು ಕಡೆಗಣಿಸಲಾಗಿದೆ ಎಂಬ ವಿರೋಧ ವ್ಯಕ್ತವಾಯಿತು. ಹೊರರಾಜ್ಯಗಳ ಮಾರುಕಟ್ಟೆಯನ್ನು ಗಮನದಲ್ಲಿರಿಸಿ ಈ ಆಯ್ಕೆ ಮಾಡಲಾಗಿದೆ ಎಂದು ಸರ್ಕಾರ ಸಮರ್ಥಿಸಿಕೊಂಡಿತು. ಎರಡೂ ವಾದಗಳಲ್ಲಿ ತಥ್ಯವಿದೆ. ಆದರೆ ವ್ಯಾಪಾರದ ದೃಷ್ಟಿಯಿಂದ ನೋಡಿದಾಗ ಮುಖ್ಯವಾದ ಮಾತೇ ಆ ಗದ್ದಲದಲ್ಲಿ ಮರೆಯಾಯಿತು. 2024-25ರಲ್ಲಿ ಈ ಸಂಸ್ಥೆಯ ವಹಿವಾಟು 1,700 ಕೋಟಿ ರೂಪಾಯಿಗಳನ್ನು ದಾಟಿದ್ದು ತಮನ್ನಾ ಅವರ ನೇಮಕಕ್ಕೂ ಮೊದಲು. ಆ ವ್ಯಾಪಾರವನ್ನು ತಂದದ್ದು ಪೊಟ್ಟಣದೊಳಗಿನ ನೈಜ ಶ್ರೀಗಂಧದ ಎಣ್ಣೆ ಮತ್ತು ಶತಮಾನ ಕಾಲ ಬದಲಾಗದ ಪರಿಮಳ. ತಾರೆಯ ಮುಖವು ಹೆಸರನ್ನು ದೂರ ಒಯ್ಯಬಲ್ಲುದೇ ಹೊರತು ಹೆಸರನ್ನು ಹುಟ್ಟಿಸಲಾರದು.

ಹೆಸರಿಗೆ ಬೆಲೆ ಬಂದೊಡನೆ ಅದನ್ನು ಕದಿಯುವವರೂ ಬರುತ್ತಾರೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನು ತಯಾರಿಸುತ್ತಿದ್ದ ಜಾಲವು ಪತ್ತೆಯಾಗಿ, ಸುಮಾರು 2 ಕೋಟಿ ರೂಪಾಯಿ ಮೌಲ್ಯದ ಸರಕು ವಶವಾಯಿತು. ಸಂಸ್ಥೆಯು ದೊಡ್ಡದಾಗಿದ್ದರಿಂದ ತನ್ನ ಹೆಸರನ್ನು ಕಾಯ್ದುಕೊಂಡಿತು. ಕೃಷ್ಣಾ ತೀರದ ನೇಕಾರ ಹಾಗೂ ಚರ್ಮಕಾರರ ಹೆಸರನ್ನು ಕಾಯುವವರು ಯಾರು?

ಹೆದ್ದಾರಿಯ ಬದಿಯಲ್ಲಿ ಕರಗುತ್ತಿರುವ ಹೆಸರು

ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ನಿಡಗುಂದಿಯು ಇಂದು ಸ್ವತಂತ್ರ ತಾಲ್ಲೂಕು ಕೇಂದ್ರವಾಗಿದೆ. ವಿಜಯಪುರದಿಂದ ಹೊಸಪೇಟೆಯ ಕಡೆಗೆ ಸಾಗುವ ಹೆದ್ದಾರಿ ಈ ಊರಿನ ಮೂಲಕವೇ ಹಾದುಹೋಗುತ್ತದೆ. ಸಮೀಪದಲ್ಲಿ ಆಲಮಟ್ಟಿಯ ಲಾಲ್ ಬಹದ್ದೂರ್ ಶಾಸ್ತ್ರಿ ಜಲಾಶಯ ಹಾಗೂ ಅದರ ಉದ್ಯಾನಗಳಿವೆ. ಒಂದು ಕಡೆ ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿ, ಮತ್ತೊಂದು ಕಡೆ ಕೂಡಲಸಂಗಮ. ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿ ಹುನಗುಂದ ದಾಟಿದರೆ ಇಳಕಲ್ಲ. ಕೃಷ್ಣೆಯ ಆಚೆಗೆ ಗುಳೇದಗುಡ್ಡ. ಅಂದರೆ ಪ್ರವಾಸಿಗರು, ಯಾತ್ರಿಕರು ಹಾಗೂ ಭೌಗೋಳಿಕ ಸೂಚಕ ಪಡೆದ ಹಲವು ವಸ್ತುಗಳು ಸಂಧಿಸುವ ದಾರಿಯಲ್ಲಿ ಈ ಪೇಟೆ ಇದೆ. ಇಂತಹ ಸ್ಥಾನವನ್ನು ಹಣ ಕೊಟ್ಟು ಪಡೆಯಲಾಗದು.

ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಕ ದೊರೆತು ಎರಡು ದಶಕಗಳು ಸಮೀಪಿಸುತ್ತಿವೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗಳನ್ನು ಕೊಂಡಿಯಾಗಿ ಸೇರಿಸುವ ವಿಧಾನ, ತೋಪು ತೆನಿಯ ಕೆಂಪು ಸೆರಗು, ಗೋಮಿ, ಗಾಯತ್ರಿ, ಚಿಕ್ಕಪರಾಸಗಳೆಂಬ ದಡಿಗಳು, ಇವೆಲ್ಲ ಆ ಸೀರೆಯ ಗುರುತುಗಳು. ಗುಳೇದಗುಡ್ಡದ ಖಣಕ್ಕೂ ಅದೇ ರಕ್ಷಣೆ ಇದೆ. ಹೀಗಿದ್ದರೂ ಉತ್ತರ ಕರ್ನಾಟಕದ ಅನೇಕ ಪೇಟೆಗಳಲ್ಲಿ ವಿದ್ಯುತ್ ಮಗ್ಗದಲ್ಲಿ ನೇಯ್ದ ಸೀರೆಗಳೂ ಇಳಕಲ್ಲ ಸೀರೆಯೆಂಬ ಒಂದೇ ಹೆಸರಿನಲ್ಲಿ, ಒಂದೇ ಕಪಾಟಿನಲ್ಲಿ ಮಾರಾಟವಾಗುತ್ತಿವೆ. ಗಿರಾಕಿ ಕೇಳದಿದ್ದರೆ ಅಂಗಡಿಕಾರ ಹೇಳುವುದಿಲ್ಲ. ಗಿರಾಕಿ ಕೇಳಿದರೂ ಎಲ್ಲವೂ ಒಂದೇ ಎನ್ನುವ ಉತ್ತರ ಅಪರೂಪವಲ್ಲ.

ಈ ಮಾತು ವರ್ತಕ ಸಮುದಾಯಕ್ಕೆ ಕಹಿಯೆನಿಸಬಹುದು. ಆದರೆ ಪ್ರಾಡಾ ಸಂಸ್ಥೆಯು ಮೂಲವನ್ನು ಮರೆಮಾಚಿತೆಂದು ಆಕ್ಷೇಪಿಸುವ ಪೇಟೆಯು ತನ್ನ ಕಪಾಟಿನಲ್ಲಿ ಅದನ್ನೇ ಮಾಡಬಾರದಷ್ಟೆ. ವಿದ್ಯುತ್ ಮಗ್ಗದ ಸೀರೆಯನ್ನು ಮಾರುವುದು ತಪ್ಪಲ್ಲ. ಕಡಿಮೆ ಬೆಲೆಯ ಸೀರೆ ಬಡವರ ಮನೆಯ ಮದುವೆಗೂ ಬೇಕು, ಹೊಲದ ಕೆಲಸಕ್ಕೂ ಬೇಕು. ಅದನ್ನು ಕೈಮಗ್ಗದ್ದೆಂದು ಮಾರುವುದು ಮಾತ್ರ ತಪ್ಪು. ಕೈಮಗ್ಗದ ಸೀರೆಯ ನಿಜವಾದ ಪ್ರತಿಸ್ಪರ್ಧಿ ಆ ಅಗ್ಗದ ಸೀರೆಯಲ್ಲ, ಎರಡರ ನಡುವಣ ವ್ಯತ್ಯಾಸವನ್ನು ಗಿರಾಕಿಗೆ ತಿಳಿಸದಿರುವ ಮೌನ. ಈ ಮೌನದಿಂದ ಅಂಗಡಿಕಾರನಿಗೆ ದೊರೆಯುವ ಲಾಭ ಒಂದು ಸೀರೆಯದು, ನಷ್ಟವಾದರೋ ಇಡೀ ಹೆಸರಿನದು. ಒಮ್ಮೆ ಮೋಸ ಹೋದ ಪ್ರವಾಸಿಯು ಮುಂದಿನ ಬಾರಿ ಬೆಂಗಳೂರಿನ ದೊಡ್ಡ ಮಳಿಗೆಯಲ್ಲಿಯೇ ಕೊಳ್ಳುತ್ತಾನೆ.

ಕಾನೂನೂ ಈ ವಿಷಯದಲ್ಲಿ ಮೃದುವಾಗಿಲ್ಲ. 1999ರ ಭೌಗೋಳಿಕ ಸೂಚಕಗಳ ಕಾಯ್ದೆಯಂತೆ ಸುಳ್ಳು ಸೂಚಕವನ್ನು ಬಳಸಿದವರಿಗೆ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ, ಮರುಕಳಿಸಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ಬೀಳಬಹುದು. ಸೌಂದರ್ಯ ಸಾಧನಗಳ ಸಣ್ಣ ತಯಾರಕರು ಇದನ್ನು ವಿಶೇಷವಾಗಿ ನೆನಪಿಡಬೇಕು. ಕೆಲವೇ ದಿನಗಳಲ್ಲಿ ಮೈಬಣ್ಣ ಬದಲಾಗುವುದೆಂಬ ಬಗೆಯ ಭರವಸೆಗಳ ಕಾಲ ಮುಗಿಯುತ್ತ ಬಂದಿದೆ. 2020ರಲ್ಲಿ ಹಿಂದೂಸ್ತಾನ್ ಯೂನಿಲಿವರ್‌ನಂತಹ ಸಂಸ್ಥೆಯೇ ದಶಕಗಳ ಹಳೆಯ ಫೇರ್ ಅಂಡ್ ಲವ್ಲಿ ಹೆಸರನ್ನು ಗ್ಲೋ ಅಂಡ್ ಲವ್ಲಿ ಎಂದು ಬದಲಾಯಿಸಬೇಕಾಯಿತು.

ದ್ವೀಪದ ನೇಕಾರರು ಕಲಿಸುವ ಪಾಠ

ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ ನೇಕಾರರು ತಮ್ಮ ಮನೆಗಳಲ್ಲಿಯೇ ನೇಯುವ ಉಣ್ಣೆಯ ಬಟ್ಟೆಗೆ ಹ್ಯಾರಿಸ್ ಟ್ವೀಡ್ ಎಂದು ಹೆಸರು. ಅಗ್ಗದ ನಕಲುಗಳು ಬಂದು ಹೆಸರು ಕೆಡತೊಡಗಿದಾಗ ಅಲ್ಲಿಯವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಗೋಳದ ಚಿಹ್ನೆಯ ಮುದ್ರೆಯೊಂದನ್ನು ನೋಂದಾಯಿಸಿದರು. ದ್ವೀಪಗಳಲ್ಲಿಯೇ, ನೇಕಾರನ ಮನೆಯಲ್ಲಿಯೇ ಕೈಯಿಂದ ನೇಯ್ದ ಬಟ್ಟೆಯನ್ನು ಪರೀಕ್ಷಿಸಿದ ಅನಂತರವೇ ಮುದ್ರೆ ಬೀಳುತ್ತದೆ. 1993ರಲ್ಲಿ ಬ್ರಿಟನ್ನಿನ ಸಂಸತ್ತು ಇದಕ್ಕಾಗಿಯೇ ಕಾಯ್ದೆಯೊಂದನ್ನು ರೂಪಿಸಿತು. 2004ರಲ್ಲಿ ನೈಕಿ ಸಂಸ್ಥೆಯು ತನ್ನ ಬೂಟುಗಳಿಗೆ ಈ ಬಟ್ಟೆಯನ್ನು ಬಳಸಿದಾಗ ಅದರ ಮೂಲದ ಹೆಸರು ಮರೆಯಾಗಲಿಲ್ಲ. ಏಕೆಂದರೆ ಆ ಹೆಸರೇ ಬೂಟಿನ ಆಕರ್ಷಣೆಯಾಗಿದ್ದಿತು.

ಕೊಲ್ಹಾಪುರಿ ಚಪ್ಪಲಿಗೂ ಇಳಕಲ್ಲ ಸೀರೆಗೂ ಕಾನೂನಿನ ರಕ್ಷಣೆ ದೊರೆತಿದೆ. ಆದರೆ ಹ್ಯಾರಿಸ್ ಟ್ವೀಡ್ ಮುದ್ರೆಯಂತೆ ಗಿರಾಕಿಯ ಕಣ್ಣಿಗೆ ಬೀಳುವ, ಅಂಗಡಿಕಾರನು ಹೆಮ್ಮೆಯಿಂದ ತೋರಿಸುವ ಗುರುತು ಪೇಟೆಯಲ್ಲಿ ಬಳಕೆಗೆ ಬಂದಿಲ್ಲ. ನೋಂದಣಿಯ ಪ್ರಮಾಣಪತ್ರ ಕಚೇರಿಯ ಗೋಡೆಯ ಮೇಲಿದ್ದರೆ ಅದರಿಂದ ಒಂದು ಜೊತೆ ಚಪ್ಪಲಿಯೂ ಹೆಚ್ಚಿಗೆ ಮಾರಾಟವಾಗದು. ಪ್ರಾಡಾ ವಿರುದ್ಧ ಸಲ್ಲಿಸಲಾಗಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು 2025ರ ಜುಲೈನಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು ವಜಾ ಮಾಡಿದ್ದನ್ನೂ ಇಲ್ಲಿ ಸ್ಮರಿಸಬಹುದು. ಅರ್ಜಿದಾರರು ಸೂಚಕದ ನೋಂದಾಯಿತ ಹಕ್ಕುದಾರರಲ್ಲ ಎಂಬ ಅಂಶ ಅಲ್ಲಿ ಮುಖ್ಯವಾಯಿತು. ಪುಸ್ತಕದಲ್ಲಿ ಹೆಸರಿಲ್ಲದವನ ದೂರಿಗೆ ಬಲವಿಲ್ಲ.

ಅಲ್ಪ ಬಂಡವಾಳದಲ್ಲಿ ಸಾಧ್ಯವಾಗುವುದು

ಇಷ್ಟೆಲ್ಲ ಮಾಡಲು ಸಣ್ಣ ಅಂಗಡಿಕಾರನಲ್ಲಿ ಹಣವೆಲ್ಲಿದೆ, ಗಿರಾಕಿ ಕೇಳುವುದು ದರವನ್ನು ಮಾತ್ರ ಎಂಬ ಆಕ್ಷೇಪ ಸಹಜವಾದುದು. ದರವಷ್ಟನ್ನೇ ಕೇಳುವ ಗಿರಾಕಿಗಳು ಬಹುಸಂಖ್ಯಾತರೆಂಬುದೂ ನಿಜ. ಆದರೆ ಬೇರೆ ಏನನ್ನೂ ಹೇಳದ ಅಂಗಡಿಯಲ್ಲಿ ಗಿರಾಕಿ ದರವನ್ನಲ್ಲದೆ ಮತ್ತೇನನ್ನು ಕೇಳಬೇಕು? ಕೆಳಗಿನ ಕ್ರಮಗಳಿಗೆ ಹಣಕ್ಕಿಂತ ಹೆಚ್ಚಾಗಿ ಶಿಸ್ತು ಬೇಕಾಗುತ್ತದೆ.

ಮೊದಲನೆಯದು ಚೀಟಿ. ಪ್ರತಿಯೊಂದು ಸೀರೆ, ಖಣ, ಚಪ್ಪಲಿಗೆ ಕನ್ನಡದಲ್ಲಿ ಹಾಗೂ ಮತ್ತೊಂದು ಭಾಷೆಯಲ್ಲಿ ಅಚ್ಚುಹಾಕಿದ ಪುಟ್ಟ ಚೀಟಿಯನ್ನು ಕಟ್ಟಬೇಕು. ಯಾವ ಊರಿನದು, ಕೈಮಗ್ಗದ್ದೋ ವಿದ್ಯುತ್ ಮಗ್ಗದ್ದೋ, ಯಾವ ನೂಲು, ತಯಾರಕರು ಒಪ್ಪಿದಲ್ಲಿ ಅವರ ಹೆಸರು, ಇಷ್ಟು ಸಾಕು. ಕೈಮಗ್ಗದ ವಸ್ತುಗಳಿಗೆ 2006ರಲ್ಲಿ ಜಾರಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಹಾಗೂ 2015ರಲ್ಲಿ ಆರಂಭವಾದ ಇಂಡಿಯಾ ಹ್ಯಾಂಡ್‌ಲೂಮ್ ಬ್ರ್ಯಾಂಡ್ ಗುರುತುಗಳಿವೆ. ಅವುಗಳಿರುವ ಸರಕನ್ನೇ ನೇಕಾರರಿಂದ ಕೇಳಿ ಪಡೆಯುವ ಪದ್ಧತಿ ಬೆಳೆಯಬೇಕು.

ಎರಡನೆಯದು ನೋಂದಣಿ. ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರ ಪಟ್ಟಿಯಲ್ಲಿ ತಯಾರಕರು ಹೆಸರು ದಾಖಲಿಸಿಕೊಳ್ಳಬೇಕು. ತನ್ನದೇ ಆದ ಹೆಸರು, ಚಿಹ್ನೆ ಇರುವ ಉದ್ಯಮಿಯು ಅದನ್ನು ವ್ಯಾಪಾರ ಮುದ್ರೆಯಾಗಿ ನೋಂದಾಯಿಸಬಹುದು. ವ್ಯಕ್ತಿಗಳಿಗೆ ಹಾಗೂ ಸಣ್ಣ ಉದ್ದಿಮೆಗಳಿಗೆ ಗಣಕದ ಮೂಲಕ ಸಲ್ಲಿಸುವ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕವಿದೆ. ಸಾಬೂನು, ಸೌಂದರ್ಯ ಸಾಧನಗಳು 3ನೆಯ ವರ್ಗಕ್ಕೂ ಸಿದ್ಧ ಉಡುಪು, ಪಾದರಕ್ಷೆಗಳು 25ನೆಯ ವರ್ಗಕ್ಕೂ ಸೇರುತ್ತವೆ. ನೋಂದಣಿ 10 ವರ್ಷಗಳವರೆಗೆ ಊರ್ಜಿತವಾಗಿದ್ದು ಅನಂತರ ನವೀಕರಿಸಬಹುದಾಗಿದೆ.

ಮೂರನೆಯದು ಬೆಲೆಯ ಲೆಕ್ಕ. ಹೆಸರು ಬೆಳೆದಂತೆ ಬೆಲೆ ಏರುತ್ತದೆ, ಬೆಲೆ ಏರಿದಂತೆ ತೆರಿಗೆಯೂ ಬದಲಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಪರಿಷ್ಕರಣೆಯಂತೆ ಒಂದು ಜೊತೆಗೆ 2,500 ರೂಪಾಯಿಗಳವರೆಗಿನ ಪಾದರಕ್ಷೆಗೆ ಶೇಕಡಾ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇಕಡಾ 18 ತೆರಿಗೆ ನಿಗದಿಯಾಗಿದೆ. ಉತ್ತಮ ದರ್ಜೆಯ ಚಪ್ಪಲಿಗೆ ದರ ನಿಶ್ಚಯಿಸುವವರು ಈ ಗಡಿಯನ್ನು ಮುಂಚಿತವಾಗಿಯೇ ಅರಿತಿರಬೇಕು.

ನಾಲ್ಕನೆಯದು ಕಾಲ ಮತ್ತು ಸ್ಥಳ. ಕರಾಚಿಗೆ ಒಂಟೆಗಳಾದರೆ ಈ ಭಾಗಕ್ಕೆ ಜಾತ್ರೆಗಳಿವೆ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬಸವ ಜಯಂತಿ, ನಾಗರ ಪಂಚಮಿ, ದೀಪಾವಳಿ ಹಾಗೂ ಮದುವೆಯ ಮುಹೂರ್ತಗಳು, ಇವೇ ಇಲ್ಲಿಯ ಪ್ರಚಾರದ ಪಂಚಾಂಗ. ಕೈಯಲ್ಲಿರುವ ಮೊಬೈಲಿನಲ್ಲಿ ಮಗ್ಗದ ಮೇಲೆ ಕೊಂಡಿ ಹಾಕುವ ಒಂದು ನಿಮಿಷದ ಚಿತ್ರ ತೆಗೆದು ಗಿರಾಕಿಗೆ ತೋರಿಸಿದರೆ ಅದು ತಾರೆಯ ಜಾಹೀರಾತಿಗಿಂತ ಹೆಚ್ಚು ನಂಬಿಕೆ ಹುಟ್ಟಿಸಬಲ್ಲುದು. ಅಥಣಿಯಲ್ಲಿ ಮಹಿಳಾ ಕುಶಲಕರ್ಮಿಗಳು ಒಟ್ಟುಗೂಡಿ ಟೋಹೋಲ್ಡ್ ಎಂಬ ಸ್ವಂತ ಹೆಸರಿನಲ್ಲಿ ಕೊಲ್ಹಾಪುರಿ ಚಪ್ಪಲಿಗಳನ್ನು ಮಾರುಕಟ್ಟೆಗೆ ತಂದ ಪ್ರಯೋಗವು ಇಂತಹ ಕೆಲಸ ಹಳ್ಳಿಯ ಮಟ್ಟದಲ್ಲಿಯೂ ಸಾಧ್ಯವೆಂಬುದನ್ನು ತೋರಿಸಿದೆ. 2023ರಲ್ಲಿ ಲಿಡ್ಕರ್ ನಿಗಮವು ನಟ ಡಾಲಿ ಧನಂಜಯ ಅವರನ್ನು ತನ್ನ ಪ್ರಚಾರ ರಾಯಭಾರಿಯನ್ನಾಗಿ ಮಾಡಿಕೊಂಡಿದೆ. ಆ ಪ್ರಚಾರವನ್ನು ತಾಲ್ಲೂಕು ಮಟ್ಟದ ಅಂಗಡಿಗಳು ತಮ್ಮದಾಗಿಸಿಕೊಂಡರೆ ಮಾತ್ರ ಅದು ನಗರಗಳಾಚೆಗೆ ಫಲ ನೀಡುತ್ತದೆ.

ಒಬ್ಬನಿಂದಾಗದ್ದು ಸಂಘದಿಂದ

ಕೆಲವು ಕೆಲಸಗಳು ಒಬ್ಬ ವರ್ತಕನಿಂದ ಆಗುವಂಥವಲ್ಲ. ಪ್ರಾಡಾ ಸಂಸ್ಥೆಗೆ ಒಬ್ಬ ಚಪ್ಪಲಿ ವ್ಯಾಪಾರಿ ಬರೆದಿದ್ದರೆ ಉತ್ತರ ಬರುತ್ತಿತ್ತೆಂದು ನಂಬುವುದು ಕಷ್ಟ. ಆದುದರಿಂದ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ವಾಣಿಜ್ಯ ಸಂಸ್ಥೆಗಳು ಒಟ್ಟಾಗಿ ಕೈಗೊಳ್ಳಬೇಕಾದ ಮೂರು ಕಾರ್ಯಗಳಿವೆ. ಪ್ರಾಡಾ ಒಪ್ಪಂದದ ತರಬೇತಿ ಹಾಗೂ ಬೇಡಿಕೆಯಲ್ಲಿ ವಿಜಯಪುರ ಜಿಲ್ಲೆಯ ಕುಶಲಕರ್ಮಿಗಳಿಗೆ ಎಷ್ಟು ಪಾಲು ದೊರೆಯುವುದೆಂದು ಲಿಡ್ಕರ್ ನಿಗಮವನ್ನು ಲಿಖಿತವಾಗಿ ಕೇಳುವುದು ಮೊದಲ ಕಾರ್ಯ. ಆಲಮಟ್ಟಿಯಲ್ಲಿ ಪ್ರವಾಸಿಗರಿಗಾಗಿ ಭೌಗೋಳಿಕ ಸೂಚಕ ಪಡೆದ ವಸ್ತುಗಳಿಗೇ ಮೀಸಲಾದ ಸಾಮೂಹಿಕ ಮಳಿಗೆಯೊಂದಕ್ಕೆ ಜಾಗ ಕೋರುವುದು ಎರಡನೆಯದು. 2023ರಲ್ಲಿ ಸೂಚಕ ಪಡೆದ ಇಂಡಿಯ ನಿಂಬೆಗೂ ಅದರಿಂದ ತಯಾರಾಗುವ ವಸ್ತುಗಳಿಗೂ ಅಲ್ಲಿ ಸ್ಥಳ ದೊರೆಯಬೇಕು. ಸಂಸ್ಥೆಯ ಸದಸ್ಯರ ಅಂಗಡಿಗಳಲ್ಲಿ ಕೈಮಗ್ಗದ ಮತ್ತು ವಿದ್ಯುತ್ ಮಗ್ಗದ ಸರಕುಗಳನ್ನು ಬೇರೆಬೇರೆ ಕಪಾಟುಗಳಲ್ಲಿ, ಬೇರೆಬೇರೆ ಫಲಕಗಳಡಿ ಇಡುವಂತೆ ನಿಯಮ ರೂಪಿಸುವುದು ಮೂರನೆಯದು.

ಮೊದಲ ಎರಡಕ್ಕೆ ಸರ್ಕಾರದ ಒಪ್ಪಿಗೆ ಬೇಕು, ಅದಕ್ಕೆ ಕಾಲವೂ ಬೇಕು. ಮೂರನೆಯದಕ್ಕೆ ಯಾರ ಅಪ್ಪಣೆಯೂ ಬೇಡ. ಎಲ್ಲಕ್ಕಿಂತ ಕಠಿಣವಾದದ್ದೂ ಅದೇ, ಏಕೆಂದರೆ ಅಲ್ಲಿ ಬಿಟ್ಟುಕೊಡಬೇಕಾದದ್ದು ಇಂದಿನ ಲಾಭದ ಒಂದು ಅಂಶ. ಆದರೆ ಮಿಲಾನಿನ ಸಂಸ್ಥೆಯಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವ ಹಕ್ಕು ನಿಡಗುಂದಿಯ ಪೇಟೆಗೆ ಬರುವುದು ಆ ಕಪಾಟಿನಿಂದಲೇ.